ನಿದ್ರೆಯೂ ವಂಶವೂ

ಮಗಳು ತಂದೆಯ ಮೂಗನ್ನೋ ಅಜ್ಜಿಯ ಕಂಠವನ್ನೋ ಪಡೆದಳೆಂದರೆ ನಾವು ಸಂತೋಷಪಡುತ್ತೇವೆ. ಅವಳು ಅವರ ನಿದ್ರೆಯನ್ನೂ ಪಡೆದಿರಬಹುದೆಂದು ಎಣಿಸುವವರು ವಿರಳ. ರಾತ್ರಿ ಬೇಗನೆ ಕಣ್ಣು ಮುಚ್ಚದ, ಬೆಳಿಗ್ಗೆ ಕೂಗಿದರೂ ಏಳದ ಹುಡುಗಿಗೆ ಸೋಮಾರಿಯೆಂಬ ಹೆಸರು ಸುಲಭವಾಗಿ ಅಂಟಿಕೊಳ್ಳುತ್ತದೆ. ಆ ಹೆಸರನ್ನಿಡುವ ಮೊದಲು, ನಿದ್ರೆಯ ವಿಷಯದಲ್ಲಿ ಶಾಸ್ತ್ರಜ್ಞರು ಕಂಡುಕೊಂಡಿರುವ ಕೆಲವು ಸಂಗತಿಗಳನ್ನು ತಾಯಿತಂದೆಗಳೂ, ಈಗ ತಾವೇ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಅರಿತಿರುವುದು ಒಳ್ಳೆಯದು.

ನಮ್ಮ ಮೆದುಳಿನೊಳಗೆ ಒಂದು ಗಡಿಯಾರವುಂಟು. ಸುಮಾರು 24 ಗಂಟೆಗಳಿಗೊಮ್ಮೆ ಸುತ್ತಿ ಬರುವ ಇದು ನಿದ್ರೆ ಎಚ್ಚರಗಳ ವೇಳೆಯನ್ನು ಗೊತ್ತುಮಾಡುತ್ತದೆ. ಹಗಲಿನ ಬೆಳಕು ಅದನ್ನು ದಿನವೂ ಸರಿಪಡಿಸುತ್ತದೆ. ಇಂಥ ಗಡಿಯಾರವು ವಂಶದಿಂದ ಬರುವುದೆಂದು ಸ್ಪಷ್ಟವಾಗಿ ತಿಳಿದುಬಂದದ್ದು ಹಣ್ಣಿಗೆ ಮುತ್ತುವ ಪುಟ್ಟ ನೊಣದಿಂದ. ತಾಯಿತಂದೆಗಳ ಲಕ್ಷಣಗಳನ್ನು ಮಕ್ಕಳಿಗೆ ಒಯ್ಯುವ ಸೂಕ್ಷ್ಮ ಬರಹಕ್ಕೆ ಜೀನ್ ಎಂದು ಹೆಸರು. ಒಂದೇ ಜೀನ್ ವ್ಯತ್ಯಾಸವಾದರೆ ನೊಣದ ದಿನಚರಿಯೆಲ್ಲ ಬದಲಾಗುವುದೆಂದು 1971ರಲ್ಲಿ ಅಮೆರಿಕದ ರೊನಾಲ್ಡ್ ಕೊನೋಪ್ಕ, ಸೀಮೋರ್ ಬೆನ್ಜರ್ ಎಂಬವರು ತೋರಿಸಿದರು. ಅದು ಕೆಲಸಮಾಡುವ ಬಗೆಯನ್ನು ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಮನುಷ್ಯರಲ್ಲಿಯೂ ಹೀಗೆಯೇ. 1999ರಲ್ಲಿ ಅಮೆರಿಕದ ಯೂಟಾ ಪ್ರಾಂತದ ವೈದ್ಯರು ಕೆಲವು ಅಪೂರ್ವ ಕುಟುಂಬಗಳ ವಿಷಯವನ್ನು ಪ್ರಕಟಿಸಿದರು. ಅವುಗಳಲ್ಲಿ ಹಲವರಿಗೆ ಸಂಜೆ ಸುಮಾರು 7½ ಗಂಟೆಗೆ ನಿದ್ರೆ ಹತ್ತುತ್ತಿತ್ತು. ನಸುಕಿನ 4½ ಗಂಟೆಗೆ ಎಚ್ಚರವಾಗುತ್ತಿತ್ತು. ಅಂಥವರ ಪ್ರತಿಯೊಂದು ಮಗುವಿಗೂ ಇದೇ ಸ್ವಭಾವ ಬರುವ ಸಂಭವವು ಅರ್ಧದಷ್ಟು. 2001ರಲ್ಲಿ, ಒಂದು ಕುಟುಂಬದಲ್ಲಿ ಇದಕ್ಕೆ ಕಾರಣವು ಪೆರ್-2 ಎಂಬ ಜೀನ್‌ನಲ್ಲಿ ಒಂದೇ ಅಕ್ಷರ ಬದಲಾದದ್ದೆಂದು ಗೊತ್ತಾಯಿತು. ಕ್ರೈ-1 ಎಂಬ ಇನ್ನೊಂದು ಜೀನ್‌ನ ಮಾರ್ಪಾಟಿನಿಂದ ನಿದ್ರೆಯು ತಡವಾಗುವ ಕುಟುಂಬಗಳು 2017ರಲ್ಲಿ ಬೆಳಕಿಗೆ ಬಂದವು. ಇಂಥವರು ಅಪರೂಪ. ಬಹುಮಂದಿಯಲ್ಲಿ ಅನೇಕ ಜೀನ್‌ಗಳು ಸೇರಿ, ಒಂದೊಂದೂ ಸ್ವಲ್ಪ ಸ್ವಲ್ಪವಾಗಿ, ನಿದ್ರೆಯನ್ನು ಹಿಂದಕ್ಕೋ ಮುಂದಕ್ಕೋ ಎಳೆಯುತ್ತವೆ.

ತಡವಾಗಿ ಮಲಗುವ ಸ್ವಭಾವ ಬೇರೆ. ಮಲಗಿದರೂ ನಿದ್ರೆ ಬಾರದ ವ್ಯಾಧಿ ಬೇರೆ. ಐರೋಪ್ಯ ಮೂಲದ 13 ಲಕ್ಷಕ್ಕೂ ಮಿಕ್ಕಿದ ಜನರನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ನಿದ್ರಾಹೀನತೆಗೆ ಸಂಬಂಧಪಟ್ಟ 202 ಸ್ಥಾನಗಳು ವಂಶದ ಬರಹದಲ್ಲಿ ಕಂಡುಬಂದವು. ಈ ವ್ಯಾಧಿಗೆ, ಬೇಗನೆ ಅಥವಾ ತಡವಾಗಿ ಏಳುವ ಸ್ವಭಾವಕ್ಕಿಂತ ಮನಸ್ಸಿನ ಖಿನ್ನತೆ, ಕಳವಳಗಳೊಡನೆ ಹೆಚ್ಚಿನ ನಂಟೆಂದೂ ತಿಳಿಯಿತು. ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ಅದು ದಾರಿಯಾಗಬಹುದೆಂಬ ಸೂಚನೆಗಳೂ ದೊರೆತವು. ಆದಕಾರಣ, ತಿಂಗಳುಗಟ್ಟಲೆ ನಿದ್ರೆಯಿಲ್ಲದೆ ನರಳುತ್ತ, ಮನೆಗೆಲಸವನ್ನೆಲ್ಲ ನಡಿಸಿಕೊಂಡು ಹೋಗುವ ತಾಯಿಯು ಅದನ್ನು ಸಹಿಸಿಕೊಂಡಿರುವುದು ಸದ್ಗುಣವೆಂದು ಯಾರೂ ಭಾವಿಸಬಾರದು. ಅವಳಿಗೆ ವೈದ್ಯರ ಸಹಾಯ ಬೇಕು.

ಹಾಗಾದರೆ ಇದೆಲ್ಲ ಹಣೆಬರಹವೋ? ಎಂದಿಗೂ ಅಲ್ಲ. ವಂಶವು ಕೊಡುವುದು ಒಲವನ್ನು ಮಾತ್ರ. ಉಳಿದುದು ಬೆಳಕು, ಅಭ್ಯಾಸ, ಮನೆಯ ನೆಮ್ಮದಿ ಇವುಗಳಿಗೆ ಸೇರಿದ್ದು. ಬೆಳಗಿನ ಬಿಸಿಲು ಒಳಗಿನ ಗಡಿಯಾರವನ್ನು ಮುಂಚೆ ತರುತ್ತದೆ. ರಾತ್ರಿಯ ದೀಪವೂ ಕೈಯಲ್ಲಿಯ ಮೊಬೈಲಿನ ಬೆಳಕೂ ಅದನ್ನು ತಡಮಾಡುತ್ತವೆ. ಬಹುಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಯೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆಯನ್ನೇ ಕೊಡತಕ್ಕದ್ದೆಂದು ಅಮೆರಿಕದ ವೈದ್ಯರ ಸಂಘವೊಂದು 2016ರಲ್ಲಿ ಸಲಹೆಯಿತ್ತಿದೆ. ವಂಶದಿಂದ ಬಂದದ್ದಕ್ಕೂ ಪರಿಹಾರವುಂಟು.

ಕಡೆಯದಾಗಿ ನಮ್ಮ ಹುಡುಗಿಯರ ಮಾತು. ಹರೆಯದಲ್ಲಿ ಈ ಗಡಿಯಾರವು ಸಹಜವಾಗಿಯೇ ಹಿಂದೆ ಬೀಳುತ್ತದೆ. ಆದರೆ 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಅವಶ್ಯ. ಪರೀಕ್ಷೆಗಾಗಿ ರಾತ್ರಿ 11ರವರೆಗೆ ಓದಿ ನಸುಕಿನ 4ಕ್ಕೆ ಎದ್ದವಳಿಗೆ ದೊರೆಯುವುದು 5 ಗಂಟೆ. ಓದಿದ್ದು ಮನಸ್ಸಿನಲ್ಲಿ ನೆಲೆಗೊಳ್ಳುವುದು ನಿದ್ರೆಯಲ್ಲಿಯೇ ಆದುದರಿಂದ, ಹೀಗೆ ಗಳಿಸಿದ ಹೊತ್ತು ಲಾಭವಲ್ಲ, ಸಾಲ. ಮಗಳು ಬೆಳಿಗ್ಗೆ ಏಳಲಾರದಿದ್ದರೆ ಅವಳನ್ನು ಗದರಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ: ಅವಳು ಮಲಗಿದ್ದು ಎಷ್ಟು ಹೊತ್ತಿಗೆ? ಅವಳ ಮನಸ್ಸಿನಲ್ಲಿ ಚಿಂತೆಯೇನಾದರೂ ಉಂಟೋ? ಆ ವಯಸ್ಸಿನಲ್ಲಿ ನೀವು ಹೇಗಿದ್ದಿರಿ? ಮೂರನೆಯದಕ್ಕೆ ನಿಮ್ಮ ತಾಯಿಯವರೇ ಸರಿಯಾದ ಉತ್ತರ ಕೊಟ್ಟಾರು.