ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಬೊಬ್ಬೆ: ಹೀಟ್‌ಸಿಂಕ್ ಕೂರಿಸುವ ಮುಂಚೆ ನಮ್ಮೂರ ಸೆಕೆಯನ್ನೂ ಲೆಕ್ಕ ಹಾಕಿ

ಉಪ್ಪಳ, ಮಂಜೇಶ್ವರ, ಕುಂಬಳೆ ಕಡೆಯಿಂದ ನನ್ನ ಅಂಗಡಿಗೆ ಬರುವ ಹುಡುಗರಲ್ಲಿ ಈಗ ಮನೆಯಲ್ಲೇ ಕೂತು ಮದುವೆ ವೀಡಿಯೊ ಎಡಿಟಿಂಗ್, ಪೋಸ್ಟರ್ ಡಿಸೈನ್ ಮಾಡುವವರು ಸುಮಾರು ಜನ ಇದ್ದಾರೆ. ಸಂತೋಷದ ವಿಷಯ. ಆದರೆ ಹೆಚ್ಚಿನವರ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಎಂಬ ಕ್ರಿಪ್ಟೊ ಕರೆನ್ಸಿಯವರು ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟರಲ್ಲ, ಆಮೇಲೆ ಹಗಲು ರಾತ್ರಿ ದುಡಿದು ಸುಸ್ತಾದ ಕಾರ್ಡುಗಳು ಹಳೆ ಮಾಲಿನ ಮಾರುಕಟ್ಟೆಗೆ ಬಂದು ಬಿದ್ದವು. ಇಂಥ ಕಾರ್ಡಿನಲ್ಲಿ ಚಿಪ್ ಸರಿ ಇರಬಹುದು, ಸವೆದಿರುವುದು ಫ್ಯಾನ್. ಬೇರಿಂಗ್‌ನ ಎಣ್ಣೆ ಒಣಗಿ ಕಿರ್ರ್ ಅಂತ ಶುರುವಾದರೆ ಮನೆಯವರಿಗೆಲ್ಲ ಕೇಳಬೇಕು.

ಹಾಗೆ ಒಬ್ಬ ಹುಡುಗ ಬಂದಿದ್ದ. ಮನೆಯಲ್ಲಿ ಇರುವುದು ಎರಡೇ ಕೋಣೆ. ಇವನು ಕೆಲಸ ಮಾಡುವ ಕೋಣೆಯಲ್ಲೇ ಉಮ್ಮ ಮಲಗುವುದು, ಅವರಿಗೆ ಮೈ ಸರಿಯಿಲ್ಲ. "ಕಾಕ, ರಾತ್ರಿ ಎಡಿಟ್ ಮಾಡಿದರೆ ಉಮ್ಮನಿಗೆ ನಿದ್ದೆಯಿಲ್ಲ, ಮಾಡದಿದ್ದರೆ ಪಾರ್ಟಿಗೆ ಟೈಮಿಗೆ ಕೊಡಲಿಕ್ಕೆ ಆಗುವುದಿಲ್ಲ, ಎಂತಾದರೂ ಮಾಡಿ" ಅಂದ. ಅವನದ್ದು ಜಿಟಿಎಕ್ಸ್ 1050 ಟಿಐ. ಫ್ಯಾನ್ ಸಮೇತ ಹಳೆ ಕೂಲರ್ ಕಿತ್ತು, ಬೇರೊಂದು ಕಾರ್ಡಿನಿಂದ ಬಿಚ್ಚಿಟ್ಟಿದ್ದ ಹೀಟ್‌ಪೈಪಿನ ದೊಡ್ಡ ಹೀಟ್‌ಸಿಂಕನ್ನು ಪಟ್ಟಿಗೆ ತೂತು ಕೊರೆದು ಕೂರಿಸಿದೆ. ಫ್ಯಾನೇ ಇಲ್ಲ, ಸದ್ದೂ ಇಲ್ಲ. ಸಾಫ್ಟ್‌ವೇರಿನಲ್ಲಿ ನೋಡಿದರೆ ಚಿಪ್ 78 ಡಿಗ್ರಿ. ಇಬ್ಬರಿಗೂ ಖುಷಿ.

ಮೂರನೇ ವಾರಕ್ಕೆ ಸ್ಕ್ರೀನ್ ಕಪ್ಪಾಯಿತು. ಕಾರ್ಡ್ ಸತ್ತಿತ್ತು.

ತಪ್ಪು ನನ್ನದೇ. ಅದು ನನ್ನ ಕಾರ್ಡಲ್ಲ, ನಂಬಿ ಕೈಯಲ್ಲಿ ಕೊಟ್ಟ ಅಮಾನತ್ತು. ಬೇರೆ ಕಾರ್ಡ್ ತೆಗೆದುಕೊಟ್ಟೆ, ಅದರ ನಷ್ಟ ಅಂಗಡಿ ಲೆಕ್ಕಕ್ಕೆ ಬರೆದುಕೊಂಡೆ. ಆಮೇಲೆ ಕೂತು ಓದಿ, ಬಿಚ್ಚಿ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ನಾನು ಓದಿದ್ದು ಬಿ.ಕಾಂ., ಇಂಜಿನಿಯರ್ ಅಲ್ಲ. ಆದರೆ ಇದು ಮುಕ್ಕಾಲು ಪಾಲು ಕೂಡಿಸಿ ಕಳೆಯುವ ಲೆಕ್ಕವೇ.

ಕಾರ್ಡ್ ತಿನ್ನುವ ಕರೆಂಟು ಪೂರ್ತಿ ಕೊನೆಗೆ ಬಿಸಿಯಾಗಿಯೇ ಹೊರಗೆ ಬರುತ್ತದೆ. 1050 ಟಿಐ 75 ವ್ಯಾಟ್ ತಿಂದರೆ 75 ವ್ಯಾಟ್ ಬಿಸಿ. ಫ್ಯಾನ್ ತೆಗೆದ ಮಾತ್ರಕ್ಕೆ ಆ ಬಿಸಿ ಎಲ್ಲಿಗೂ ಹೋಗುವುದಿಲ್ಲ. ಹೀಟ್‌ಸಿಂಕಿನ ಕೆಲಸ ಬಿಸಿಯನ್ನು ಅಗಲವಾದ ಅಲ್ಯುಮಿನಿಯಂ ಹಾಳೆಗಳಿಗೆ ಹರಡಿ ಗಾಳಿಗೆ ದಾಟಿಸುವುದು, ಅಷ್ಟೇ. ಎಷ್ಟು ವ್ಯಾಟಿಗೆ ಎಷ್ಟು ಡಿಗ್ರಿ ಏರುತ್ತದೆ ಅನ್ನುವುದೇ ಅದರ ಯೋಗ್ಯತೆ. ಒಂದು ವ್ಯಾಟಿಗೆ 0.6 ಡಿಗ್ರಿ ಏರುವ ಹೀಟ್‌ಸಿಂಕ್ ಎಂದು ಇಟ್ಟುಕೊಳ್ಳಿ. 75 ವ್ಯಾಟಿಗೆ 45 ಡಿಗ್ರಿ ಏರಿತು. ಆದರೆ ಯಾವುದರ ಮೇಲೆ ಏರುವುದು? ಸುತ್ತಲಿನ ಗಾಳಿಯ ಬಿಸಿಯ ಮೇಲೆ.

ಯೂಟ್ಯೂಬಿನಲ್ಲಿ ವಿದೇಶದವರು ಟೆಸ್ಟ್ ಮಾಡುವುದು 20, 22 ಡಿಗ್ರಿಯ ಕೋಣೆಯಲ್ಲಿ. 22ಕ್ಕೆ 45 ಕೂಡಿಸಿದರೆ 67. ಚಂದ ಕಾಣುತ್ತದೆ. ನಮ್ಮ ಕರಾವಳಿಯಲ್ಲಿ ಏಪ್ರಿಲ್ ಸೆಕೆಗೆ ಹೆಂಚಿನ ಮನೆಯ ಕೋಣೆ 34 ಇರುತ್ತದೆ, ಮುಚ್ಚಿದ ಕ್ಯಾಬಿನೆಟ್ಟಿನ ಒಳಗೆ ಇನ್ನೂ ಎಂಟು ಹತ್ತು ಡಿಗ್ರಿ ಜಾಸ್ತಿ. 44ಕ್ಕೆ 45 ಕೂಡಿಸಿ, 89 ಆಯಿತು. ಈ ಚಿಪ್ಪಿಗೆ ಎನ್‌ವಿಡಿಯಾ ಕೊಟ್ಟಿರುವ ಮಿತಿ 97 ಡಿಗ್ರಿ. ಮಳೆಗಾಲದಲ್ಲಿ ಫಿಟ್ ಮಾಡಿ "ಸೂಪರ್ ಉಂಟು" ಅಂದವರು ಬೇಸಗೆಯಲ್ಲಿ ಅಂಗಡಿಗೆ ಓಡಿ ಬರುವುದು ಇದಕ್ಕೇ.

ಆ ಹುಡುಗನ ಕಾರ್ಡ್ ಸತ್ತದ್ದು ಚಿಪ್ ಬಿಸಿಯಿಂದ ಅಲ್ಲ, ಇದನ್ನು ಸರಿಯಾಗಿ ಗಮನಿಸಿ. ಚಿಪ್ಪಿನ ಪಕ್ಕದಲ್ಲಿ ಸಾಲಾಗಿ ಸಣ್ಣ ಕಪ್ಪು ಬಿಲ್ಲೆಗಳಿರುತ್ತವೆ. ಮಾಸ್‌ಫೆಟ್ ಅನ್ನುತ್ತಾರೆ. 12 ವೋಲ್ಟಿನ ಕರೆಂಟನ್ನು ಸುಮಾರು ಒಂದು ವೋಲ್ಟಿಗೆ ಇಳಿಸಿ ಚಿಪ್ಪಿಗೆ ಕೊಡುವುದು ಇವೇ. ಹಳೆ ಫ್ಯಾನಿನ ಗಾಳಿ ಬರೀ ಚಿಪ್ಪಿಗಲ್ಲ, ಇವುಗಳಿಗೂ ಮೆಮೊರಿಗೂ ಬೀಸುತ್ತಿತ್ತು. ನಾನು ಚಿಪ್ಪಿಗೆ ದೊಡ್ಡ ಹೀಟ್‌ಸಿಂಕ್ ಕೊಟ್ಟು ಇವುಗಳನ್ನು ಬೋಳಾಗಿ ಬಿಟ್ಟಿದ್ದೆ. ಇಂಥ ಅಗ್ಗದ ಕಾರ್ಡುಗಳಲ್ಲಿ ಸಾಫ್ಟ್‌ವೇರ್ ತೋರಿಸುವುದು ಚಿಪ್ಪಿನ ಬಿಸಿ ಮಾತ್ರ. ಮಾಸ್‌ಫೆಟ್ ಎಷ್ಟು ಕಾದಿದೆ ಅಂತ ಹೇಳುವವರೇ ಇಲ್ಲ. 78 ಡಿಗ್ರಿ ನೋಡಿ ನಾವು ಖುಷಿಯಲ್ಲಿದ್ದೆವು, ಪಕ್ಕದಲ್ಲಿ ಅದು ಬೇಯುತ್ತಾ ಇತ್ತು.

ಹಾಗಾದರೆ ಫ್ಯಾನಿಲ್ಲದ ಕಾರ್ಡ್ ಆಗುವುದೇ ಇಲ್ಲವಾ? ಆಗುತ್ತದೆ. ಪಾಲಿಟ್ ಕಂಪನಿಯವರು ಇದೇ 1050 ಟಿಐ ಅನ್ನು ಕಾಮ್‌ಎಕ್ಸ್ ಹೆಸರಲ್ಲಿ ಫ್ಯಾನ್ ಇಲ್ಲದೆಯೇ ಮಾರಿದ್ದಾರೆ. ಜಿಟಿ 1030 ಬರೀ 30 ವ್ಯಾಟಿನದ್ದು, ಜಿಟಿ 710 ಇನ್ನೂ ಕಡಿಮೆ, 19 ವ್ಯಾಟ್. ಇವುಗಳಲ್ಲಿ ಬರೀ ಹೀಟ್‌ಸಿಂಕ್ ಇರುವ ಮಾಡೆಲ್‌ಗಳು ಎಷ್ಟೋ ಇವೆ. ಆಫೀಸ್ ಕೆಲಸ, ಬಿಲ್ಲಿಂಗ್, ಸಿನೆಮಾ ನೋಡಲಿಕ್ಕೆ ಧಾರಾಳ ಸಾಕು. ಆದರೆ ಮೈನಿಂಗ್‌ನಿಂದ ಬಂದ ಆರ್‌ಎಕ್ಸ್ 570 ತಂದು "ಕಾಕ, ಸೈಲೆಂಟ್ ಮಾಡಿ ಕೊಡಿ" ಅಂದರೆ ನಾನು ಕೈ ಮುಗಿಯುತ್ತೇನೆ. ಅದು 150 ವ್ಯಾಟ್, 580 ಆದರೆ 185. ಇವಕ್ಕೆ ನಮ್ಮ ಸೆಕೆಯಲ್ಲಿ ಗಾಳಿ ಬೇಕೇ ಬೇಕು.

ನನ್ನ ಅಭಿಪ್ರಾಯದಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಫ್ಯಾನಿಲ್ಲದ ಕಾರ್ಡಲ್ಲ, ನಿಧಾನ ತಿರುಗುವ ದೊಡ್ಡ ಫ್ಯಾನ್. ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ, ಗಾಳಿ ಮಾತ್ರ ಅರ್ಧದಷ್ಟು ಉಳಿಯುತ್ತದೆ. ಇಷ್ಟು ಲಾಭದ ವ್ಯಾಪಾರ ಬೇರೆ ಇಲ್ಲ ಮಾರಾಯ್ರೆ. ಕಾರ್ಡಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಮತ್ತು ಚಿಕ್ಕ ಫ್ಯಾನ್ ತೆಗೆದು, ಕಂಪನಿಯ ಹೀಟ್‌ಸಿಂಕನ್ನು ಹಾಗೆಯೇ ಬಿಟ್ಟು, ಅದರ ಮೇಲೆ 120 ಎಂಎಂ ಕ್ಯಾಬಿನೆಟ್ ಫ್ಯಾನ್ ಒಂದನ್ನು ಪ್ಲಾಸ್ಟಿಕ್ ಟ್ಯಾಗಿನಿಂದ ಕಟ್ಟಿ, 700 ಆರ್‌ಪಿಎಂನಲ್ಲಿ ಓಡಿಸಿ. ಪೇಸ್ಟ್ ಕೆದಕುವ ರಗಳೆ ಇಲ್ಲ, ಮಾಸ್‌ಫೆಟ್ಟಿಗೂ ಗಾಳಿ ಸಿಗುತ್ತದೆ. ಅದಕ್ಕೂ ಮುಂಚೆ ಪುಕ್ಕಟೆ ಕೆಲಸ ಒಂದುಂಟು. ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರಿನಲ್ಲಿ ಪವರ್ ಲಿಮಿಟ್ 80ಕ್ಕೆ ಇಳಿಸಿ ನೋಡಿ. ಕೆಲಸ ಸ್ವಲ್ಪ ನಿಧಾನವಾಗುತ್ತದೆ, ಬಿಸಿ ಚೆನ್ನಾಗಿ ಇಳಿಯುತ್ತದೆ. ಧೂಳು ತೆಗೆದರೇ ಎಷ್ಟೋ ಕಾರ್ಡ್ ಸುಮ್ಮನಾಗುತ್ತವೆ.

ಆದರೂ ಹೀಟ್‌ಸಿಂಕ್ ಬದಲಿಸಲೇಬೇಕು ಅನ್ನುವವರು ಮೊದಲು ಚಿಪ್ಪಿನ ಸುತ್ತ ಇರುವ ನಾಲ್ಕು ತೂತುಗಳ ನಡುವಿನ ಅಂತರ ಅಳೆಯಿರಿ, ಆಮೇಲೆ ದುಡ್ಡು ಕೊಡಿ. ಒಂದೇ ಹೆಸರಿನ ಕಾರ್ಡಾದರೂ ಕಂಪನಿ ಬದಲಾದರೆ ಅಳತೆ ಬದಲಾಗಬಹುದು. ಬಿಚ್ಚುವ ಮುಂಚೆ ಐದು ನಿಮಿಷ ಕಂಪ್ಯೂಟರ್ ಓಡಿಸಿ, ಒಣಗಿದ ಪೇಸ್ಟ್ ಮೆತ್ತಗಾಗುತ್ತದೆ. ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ತೆಗೆದು ಕೂಲರನ್ನು ಮೆಲ್ಲ ಆಚೀಚೆ ತಿರುಗಿಸುತ್ತಾ ಬಿಡಿಸಿ. ಜಗ್ಗಿ ಎಳೆದರೆ ಚಿಪ್ಪೇ ಎದ್ದು ಬಂದೀತು. ಫ್ಯಾನಿನ ಸಣ್ಣ ವಯರ್ ಬೋರ್ಡಿಗೆ ಸಿಕ್ಕಿರುತ್ತದೆ, ಮರೆಯಬೇಡಿ. ಹಳೆ ಪೇಸ್ಟ್ ಒರೆಸಲು ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಥಿನ್ನರ್, ಪೆಟ್ರೋಲ್ ಮುಟ್ಟಿಸಲೇಬೇಡಿ. ಹೊಸ ಪೇಸ್ಟ್ ಒಂದು ಬಟಾಣಿ ಕಾಳಿನಷ್ಟು. ಮೆಮೊರಿಗೂ ಮಾಸ್‌ಫೆಟ್ಟಿಗೂ ಸಣ್ಣ ಅಲ್ಯುಮಿನಿಯಂ ತುಂಡುಗಳನ್ನು ಬಿಸಿ ದಾಟಿಸುವ ಅಂಟು ಟೇಪಿನಲ್ಲಿ ಕೂರಿಸಿ. ಟೇಪ್ ಬಿಟ್ಟು ಒಂದು ತುಂಡು ಕೆಳಗೆ ಬಿದ್ದರೂ ಶಾರ್ಟ್ ಆಗುವ ಅಪಾಯ ಇದೆ, ಒತ್ತಿ ನೋಡಿ. ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಒಂದೇ ಕಡೆ ಪೂರ್ತಿ ತಿರುಗಿಸಿದರೆ ಚಿಪ್ಪಿನ ಅಂಚು ಒಡೆಯುತ್ತದೆ.

ಇನ್ನೊಂದು ವಿಷಯ. ನಿಂತಿರುವ ಕ್ಯಾಬಿನೆಟ್ಟಿನಲ್ಲಿ ಕಾರ್ಡ್ ಅಡ್ಡ ಮಲಗಿ, ಹೀಟ್‌ಸಿಂಕ್ ಕೆಳಮುಖವಾಗಿ ಇರುತ್ತದೆ. ಬಿಸಿಗಾಳಿ ಮೇಲೆ ಏರಬೇಕು, ಮೇಲೆ ಕಾರ್ಡೇ ಛಾವಣಿಯಂತೆ ಅಡ್ಡ. ಹಾಗಾಗಿ ಕಾರ್ಡಿನಲ್ಲಿ ಫ್ಯಾನ್ ಇಲ್ಲದಿದ್ದರೆ ಕ್ಯಾಬಿನೆಟ್ಟಿಗಾದರೂ ಇರಲೇಬೇಕು. ಪಕ್ಕದ ಬಾಗಿಲು ತೆಗೆದಿಡುತ್ತೇನೆ ಅನ್ನುವವರಿಗೆ ಒಂದು ಮಾತು: ನಮ್ಮ ಊರಲ್ಲಿ ಬೆಚ್ಚಗಿನ ಜಾಗ ಕಂಡರೆ ಹಲ್ಲಿ ಮೊದಲು ಹೋಗುತ್ತದೆ. ಪವರ್ ಸಪ್ಲೈ ಒಳಗೆ ಸುಟ್ಟ ಹಲ್ಲಿಯನ್ನು ನಾನೇ ತೆಗೆದಿದ್ದೇನೆ.

ಫಿಟ್ ಮಾಡಿದ ಮೇಲೆ ಅರ್ಧ ಗಂಟೆಯಾದರೂ ನಿಜವಾದ ಎಡಿಟಿಂಗ್ ಕೆಲಸ ಕೊಟ್ಟು, ಮಧ್ಯಾಹ್ನ ಎರಡು ಗಂಟೆಯ ಸೆಕೆಯಲ್ಲಿ ಟೆಸ್ಟ್ ಮಾಡಿ. ಬಿಚ್ಚಿದ ಹಳೆ ಕೂಲರ್, ಅದರ ಸ್ಕ್ರೂ ಎಲ್ಲ ಒಂದು ಡಬ್ಬದಲ್ಲಿ ಇಡಿ. ವಾರಂಟಿ ಬಾಕಿ ಇದ್ದರೆ ಬಿಚ್ಚುವ ಆಲೋಚನೆಯನ್ನೇ ಮುಂದೆ ಹಾಕಿ. ಮುಂದೆ ಕಾರ್ಡ್ ಮಾರುವಾಗ ಕೂಲರ್ ಬದಲಿಸಿದ್ದು ಹೌದು ಅಂತ ಬಾಯಿ ಬಿಟ್ಟು ಹೇಳಿ. ಐಬು ಮುಚ್ಚಿ ಮಾರಿದ ದುಡ್ಡು ನಮಗೆ ಹಲಾಲ್ ಅಲ್ಲ, ಅದು ಆನ್‌ಲೈನ್ ವ್ಯಾಪಾರಕ್ಕೂ ಲಾಗು.

ಆ ಹುಡುಗನಿಗೆ ಎರಡನೇ ಸಲ ಕೊಟ್ಟದ್ದೂ 1050 ಟಿಐಯೇ. ಕಂಪನಿ ಹೀಟ್‌ಸಿಂಕ್ ಹಾಗೇ ಉಂಟು, ಮೇಲೆ 120 ಎಂಎಂ ಫ್ಯಾನ್, ಕ್ಯಾಬಿನೆಟ್ ಹಿಂದೆ ಇನ್ನೊಂದು. ಕೋಣೆ 33 ಡಿಗ್ರಿ ಇರುವಾಗ ಚಿಪ್ 70ರ ಹತ್ತಿರ ನಿಲ್ಲುತ್ತದೆ. ಕಳೆದ ರಮಝಾನಿನಲ್ಲಿ ಸಹರಿವರೆಗೆ ಕೂತು ಎರಡು ಮದುವೆಯ ಕೆಲಸ ಮುಗಿಸಿದನಂತೆ. ಉಮ್ಮ ಎದ್ದು, "ಕಂಪ್ಯೂಟರ್ ಹಾಳಾಯಿತಾ ಮೋನೆ, ಸದ್ದೇ ಇಲ್ಲ" ಅಂತ ಕೇಳಿದರಂತೆ.