ಅದೃಷ್ಟವೂ ಪುರುಷಪ್ರಯತ್ನವೂ: ಮಂಡ್ಯದ ನಾಲೆಯ ಸೀಮೆಯಿಂದ ಅಮೆರಿಕದವರೆಗೆ

1. ವಿಷಯದ ಸ್ವರೂಪ

ಮನುಷ್ಯನ ಏಳಿಗೆಗೆ ಕಾರಣವು ದೈವವೋ ಪುರುಷಕಾರವೋ ಎಂಬ ಚರ್ಚೆಯು ಭರತಖಂಡದಲ್ಲಿ ಬಹು ಪ್ರಾಚೀನವಾದುದು. ಮಹಾಭಾರತದ ಅನುಶಾಸನ ಪರ್ವದಲ್ಲಿ ಪುರುಷಕಾರವನ್ನು ಕ್ಷೇತ್ರಕ್ಕೂ ದೈವವನ್ನು ಬೀಜಕ್ಕೂ ಹೋಲಿಸಿ, ಎರಡೂ ಕೂಡಿದಲ್ಲದೆ ಬೆಳೆಯಿಲ್ಲವೆಂದು ಹೇಳಿದೆ. ಪಶ್ಚಿಮದಲ್ಲಿ ಇದೇ ಪ್ರಶ್ನೆಗೆ ಬೇರೊಂದು ಉತ್ತರವು ಪ್ರಸಿದ್ಧಿಗೆ ಬಂದಿತು. ದುಡಿಮೆಯೂ ಯೋಗ್ಯತೆಯೂ ಇದ್ದರೆ ಯಾವ ಕುಲದವನಾದರೂ ಅಮೆರಿಕದಲ್ಲಿ ಮೇಲೇರಬಹುದೆಂಬ ನಂಬಿಕೆಗೆ ‘ಅಮೆರಿಕದ ಕನಸು’ ಎಂಬ ಹೆಸರನ್ನು ಪ್ರಚಾರಕ್ಕೆ ತಂದವರು ಜೇಮ್ಸ್ ಟ್ರಸ್ಲೊ ಆಡಮ್ಸ್ ಎಂಬ ಇತಿಹಾಸಕಾರರು. ಗ್ರಂಥಕರ್ತರಾಗುವುದಕ್ಕೆ ಮೊದಲು ಇವರು ನ್ಯೂಯಾರ್ಕಿನ ಷೇರು ವ್ಯವಹಾರದಲ್ಲಿ ಇದ್ದವರು. ಇವರ ಗ್ರಂಥವು ಹೊರಬಿದ್ದುದು 1931ರಲ್ಲಿ, ಆ ದೇಶದ ಬ್ಯಾಂಕುಗಳು ಒಂದರ ಮೇಲೊಂದು ಮುಳುಗುತ್ತಿದ್ದ ಕಾಲದಲ್ಲಿ.

ಅದೇ ವರ್ಷಗಳಲ್ಲಿ ಮೈಸೂರು ಸಂಸ್ಥಾನದಲ್ಲಿ ಕೃಷ್ಣರಾಜಸಾಗರದ ಕಟ್ಟೆಯು ಪೂರ್ತಿಯಾಗಿ, ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಕಾವೇರಿಯ ನೀರು ಹರಿಯಲಾರಂಭಿಸಿತು. ಈ ಸೀಮೆಯ ತೊಂಬತ್ತು ವರ್ಷಗಳ ಅನುಭವವನ್ನು ಪರಿಶೀಲಿಸಿದರೆ, ಮೇಲೆ ಹೇಳಿದ ಪ್ರಶ್ನೆಗೆ ಕೆಲಮಟ್ಟಿಗೆ ಸಮಾಧಾನವು ದೊರೆಯುವುದು.

2. ನಾಲೆಯೂ ಸಕ್ಕರೆಯೂ

ಈ ಮೂರು ತಾಲ್ಲೂಕುಗಳು ಹಿಂದೆ ರಾಗಿ, ಜೋಳ, ಹುರುಳಿಗಳ ಬೆದ್ದಲು ನಾಡು. ಕೆರೆಯ ಕೆಳಗಣ ಅಲ್ಪ ಗದ್ದೆಯನ್ನು ಬಿಟ್ಟರೆ ಉಳಿದುದೆಲ್ಲವೂ ಮಳೆಯನ್ನೇ ನಂಬಿದ ಭೂಮಿ. ಹೊರದೇಶದ ಸಂಪರ್ಕವು ಮಾತ್ರ ಇಲ್ಲಿಗೆ ಬೇಗನೆ ಬಂದಿತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದಾಗ, ಯಂತ್ರಗಳನ್ನು ಒದಗಿಸಿದುದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. ಮಳವಳ್ಳಿಯವರು ಅಮೆರಿಕಕ್ಕೆ ಹೋಗುವುದಕ್ಕೆ ಬಹಳ ಮುಂಚೆಯೇ ಅಮೆರಿಕವು ಮಳವಳ್ಳಿಗೆ ಬಂದಿತ್ತು. ಆದರೆ ಆ ಶಕ್ತಿಯು ಮೊದಲು ಬೆಳಗಿದುದು ದೂರದ ಗಣಿಯನ್ನು.

ರೈತನ ಸ್ಥಿತಿಯನ್ನು ಬದಲಾಯಿಸಿದುದು ನಾಲೆ. ಮೊದಲು ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಇದು, ಹುಲಿಕೆರೆಯ ಬಳಿ ಸುರಂಗದಲ್ಲಿ ಗುಡ್ಡವನ್ನು ದಾಟಿ ಪೂರ್ವದ ಬಯಲಿಗೆ ಇಳಿಯುತ್ತದೆ. 1933ರಲ್ಲಿ ಸರ್ಕಾರದ ಬಂಡವಾಳವೂ ಜನರ ಷೇರುಗಳೂ ಕೂಡಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾಯಿತು. ಇದಕ್ಕೆ ಮುಖ್ಯ ಪ್ರೇರಕರಲ್ಲೊಬ್ಬರಾದ ಲೆಸ್ಲಿ ಕೋಲ್ಮನ್ ಅವರು ಕೆನಡಾ ದೇಶದಲ್ಲಿ ಹುಟ್ಟಿ, 1908ರಲ್ಲಿ ಮೈಸೂರಿನ ಸೇವೆಗೆ ಬಂದು, ವ್ಯವಸಾಯ ಇಲಾಖೆಯ ಡೈರೆಕ್ಟರ್ ಪದವಿಗೆ ಏರಿದವರು. ಪರದೇಶಕ್ಕೆ ಹೋಗಿ ಕೀರ್ತಿ ಪಡೆಯುವುದು ಪೂರ್ವದಿಂದ ಪಶ್ಚಿಮಕ್ಕೆ ಮಾತ್ರ ನಡೆದ ಪ್ರಯಾಣವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಕಬ್ಬು ವರ್ಷಕ್ಕೂ ಮಿಕ್ಕಿ ನೆಲದಲ್ಲಿ ನಿಲ್ಲುವ ಬೆಳೆ. ಅಷ್ಟು ಕಾಲವೂ ಗೊಬ್ಬರಕ್ಕೆ, ಕೂಲಿಗೆ, ಮನೆಯ ಖರ್ಚಿಗೆ ರೈತನು ಹಣವನ್ನು ಹೊಂದಿಸಬೇಕು. ಕಾರ್ಖಾನೆಯು ಒಪ್ಪಂದ ಮಾಡಿಕೊಂಡ ರೈತರಿಗೆ ಗೊಬ್ಬರವನ್ನು ಸಾಲವಾಗಿ ಕೊಟ್ಟು, ಕಬ್ಬಿನ ಬಾಬ್ತಿನಲ್ಲಿ ಅದನ್ನು ವಜಾ ಮಾಡಿಕೊಳ್ಳುವ ಏರ್ಪಾಡು ಮಾಡಿತು. ಹೀಗೆ ದವಸದ ಲೆಕ್ಕದಲ್ಲಿ ಬದುಕುತ್ತಿದ್ದ ಒಕ್ಕಲು ಮುಂಗಡ, ಬಡ್ಡಿ, ಬಟವಾಡೆಗಳ ಲೆಕ್ಕಕ್ಕೆ ಬಂದಿತು.

3. ಎರಡು ಗ್ರಾಮಗಳ ಸಾಕ್ಷ್ಯ

ಈ ಬದಲಾವಣೆಯನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದವರು ಸ್ಕಾರ್ಲೆಟ್ ಎಪ್‌ಸ್ಟೈನ್ ಅವರು. 1922ರಲ್ಲಿ ವಿಯನ್ನಾ ನಗರದ ಯೆಹೂದಿ ಕುಟುಂಬದಲ್ಲಿ ಹುಟ್ಟಿದ ಇವರು, ನಾಜಿಗಳ ಹಿಂಸೆಗೆ ಸಿಕ್ಕದೆ ದೇಶಾಂತರ ಹೊರಟು ಇಂಗ್ಲೆಂಡನ್ನು ಸೇರಿ, ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಮಾನವಶಾಸ್ತ್ರವನ್ನು ಅಭ್ಯಸಿಸಿ, 1954ರಿಂದ 1956ರವರೆಗೆ ಮಂಡ್ಯದ ಸೀಮೆಯಲ್ಲಿ ನೆಲಸಿದ್ದರು. ಇವರ ಗ್ರಂಥವು 1962ರಲ್ಲಿ ಪ್ರಕಟವಾಯಿತು. 1970ರಲ್ಲಿ ಮತ್ತೆ ಬಂದು ನೋಡಿದುದರ ಫಲವು 1973ರಲ್ಲಿ ಇನ್ನೊಂದು ಗ್ರಂಥವಾಯಿತು.

ಇವರು ವಂಗಲ, ದಲೇನ ಎಂದು ಕರೆದಿರುವ ಎರಡು ಗ್ರಾಮಗಳಲ್ಲಿ ವಂಗಲದ ಭೂಮಿಗೆ ನಾಲೆಯ ನೀರು ಬಂದಿತು. ದಲೇನದ ಭೂಮಿಯು ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ, ಸುತ್ತಲಿನ ಊರುಗಳೆಲ್ಲ ಹಸುರಾದರೂ ಅದು ಬೆದ್ದಲಾಗಿಯೇ ಉಳಿಯಿತು. ಒಂದು ಊರು ಭಾಗ್ಯಶಾಲಿ, ಇನ್ನೊಂದು ನಿರ್ಭಾಗ್ಯ ಎಂದು ಯಾರಾದರೂ ಹೇಳುವಂತಹ ಸ್ಥಿತಿ. ಆದರೆ ನಡೆದುದು ಬೇರೆ. ವಂಗಲದವರು ಹಿಂದಿನಂತೆಯೇ ಆರಂಬಗಾರರಾಗಿ, ಹೆಚ್ಚು ಹಣವಂತರಾದರು. ಒಕ್ಕಲಿಗೂ ಆಳಿಗೂ ತಲೆಮಾರಿನಿಂದ ಬಂದಿದ್ದ ಸಂಬಂಧವು ಬಹುಮಟ್ಟಿಗೆ ಹಾಗೆಯೇ ನಿಂತಿತು. ದಲೇನದವರಾದರೋ ಊರನ್ನು ಬಿಟ್ಟು ಹೊರಗೆ ನೋಡಬೇಕಾಯಿತು. ಕೆಲವರು ನೆರೆಯೂರುಗಳಲ್ಲಿ ತರಿಭೂಮಿಯನ್ನು ಕೊಂಡರು, ಕೆಲವರು ಗಾಡಿ ಕಟ್ಟಿ ಕಾರ್ಖಾನೆಗೆ ಕಬ್ಬು ಸಾಗಿಸಿದರು, ಕೆಲವರು ಗಿರಣಿಯನ್ನಿಟ್ಟರು, ಹಲವರು ಮಂಡ್ಯದಲ್ಲಿ ನೌಕರಿಗೆ ಸೇರಿದರು. ಅಲ್ಲಿ ಹಳೆಯ ಕಟ್ಟುಗಳು ಹೆಚ್ಚು ಸಡಿಲಿದುವು.

ಇದರಿಂದ, ಕಷ್ಟವೇ ಉದ್ಯಮಕ್ಕೆ ತಾಯಿ, ಅದೃಷ್ಟವು ಲೆಕ್ಕಕ್ಕಿಲ್ಲ ಎಂದು ನಿರ್ಣಯಿಸುವುದು ಸುಲಭ. ಆದರೆ ಅದು ಸರಿಯಲ್ಲ. ದಲೇನದವರ ಸಾಹಸವು ಫಲಿಸಿದುದು ಅವರ ನೆರೆಯಲ್ಲಿ ನೀರು, ಕಬ್ಬು, ಕಾರ್ಖಾನೆ, ಪಟ್ಟಣಗಳು ಇದ್ದುದರಿಂದ. ಅಷ್ಟೇ ಕಷ್ಟದಲ್ಲಿದ್ದು ನಾಲೆಯಿಂದ ದೂರವಾಗಿದ್ದ ಬೆದ್ದಲು ಊರಿಗೆ ಗಾಡಿ ಕಟ್ಟಿದರೂ ಸಾಗಿಸಲು ಕಬ್ಬಿರಲಿಲ್ಲ. ಅಲ್ಲದೆ 1970ರ ಪರಿಶೀಲನೆಯಲ್ಲಿ, ಎರಡು ಗ್ರಾಮಗಳೂ ಮುಂದುವರಿದಿದ್ದರೂ ಭೂಮಿಯಿಲ್ಲದ ಕಡುಬಡವರಿಗೂ ಉಳಿದವರಿಗೂ ನಡುವಣ ಅಂತರವು ಹೆಚ್ಚಿದ್ದುದು ಕಂಡುಬಂದಿತು. ಆ ಬಡವರ ದುಡಿಮೆಯಲ್ಲಿ ಕೊರತೆಯಿರಲಿಲ್ಲ.

4. ಶಾಸನದ ತೂಬು

ನಾಲೆಗೆ ಹೇಗೆ ತೂಬೋ ದೇಶಾಂತರ ಹೋಗುವವರಿಗೆ ಹಾಗೆ ವಲಸೆಯ ಶಾಸನ. ಅಮೆರಿಕವು 1917ರ ಶಾಸನದಿಂದ ಭಾರತೀಯರ ಪ್ರವೇಶವನ್ನು ಮುಚ್ಚಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯವು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದಿತು. 1946ರಲ್ಲಿ ಪೌರತ್ವವು ದೊರೆತರೂ ವರ್ಷಕ್ಕೆ ಬರಬಹುದಾದವರು ಕೇವಲ 100 ಮಂದಿ. 1965ರ ಶಾಸನವು ಈ ಕಟ್ಟನ್ನು ತೆಗೆದು, ಒಂದೊಂದು ದೇಶಕ್ಕೆ 20,000ದ ಮಿತಿಯನ್ನಿಟ್ಟು, ವೈದ್ಯರೇ ಮೊದಲಾದ ವೃತ್ತಿನಿಪುಣರಿಗೆ ಆದ್ಯತೆಯನ್ನು ಕೊಟ್ಟಿತು. ಕೆನಡಾ ದೇಶವು 1967ರಲ್ಲಿ ವಿದ್ಯೆ, ಕಸುಬುಗಳಿಗೆ ಅಂಕ ಕೊಟ್ಟು ಜನರನ್ನು ಬರಮಾಡಿಕೊಳ್ಳುವ ಕ್ರಮವನ್ನು ಹಿಡಿಯಿತು. 1940ರಲ್ಲಿ ವೈದ್ಯನಾದ ಮಂಡ್ಯದವನಿಗೂ 1970ರಲ್ಲಿ ವೈದ್ಯನಾದವನಿಗೂ ಬುದ್ಧಿಯಲ್ಲಿ ಭೇದವಿರಬೇಕಾದುದಿಲ್ಲ. ತೂಬು ಮಾತ್ರ ಒಬ್ಬನಿಗೆ ಮುಚ್ಚಿತ್ತು, ಇನ್ನೊಬ್ಬನಿಗೆ ತೆರೆದಿತ್ತು. ಮುಂದೆ 1990ರ ಶಾಸನದಿಂದ ತಾತ್ಕಾಲಿಕ ವೃತ್ತಿನಿಪುಣರಿಗೆ ವರ್ಷಕ್ಕೆ 65,000 ಎಂಬ ಮಿತಿಯಾಯಿತು. ಅರ್ಜಿಗಳು ಮಿತಿಮೀರಿದಾಗ, 2007ರಿಂದ ಮೊದಲ್ಗೊಂಡು ಹಲವು ವರ್ಷ ಚೀಟಿಯೆತ್ತಿದಂತೆ ಆಯ್ಕೆ ನಡೆಯಿತು. ಇಲ್ಲಿ ಅದೃಷ್ಟವೆಂಬುದು ಉಪಮೆಯಾಗಿ ಉಳಿಯದೆ ಸರ್ಕಾರದ ವಿಧಾನವೇ ಆಯಿತು.

ಹಣಕಾಸಿನ ಪೇಟೆಯಲ್ಲಿ ಕಾಲದ ಕೈವಾಡವು ಇನ್ನೂ ಸ್ಪಷ್ಟ. ಹುಬ್ಬಳ್ಳಿಯಲ್ಲಿ ಹುಟ್ಟಿ, ಕೆನಡಾದಲ್ಲಿ ವ್ಯಾಸಂಗ ಮಾಡಿ ಅಮೆರಿಕದಲ್ಲಿ ನೆಲಸಿದ ಗುರುರಾಜ ದೇಶಪಾಂಡೆ ಅವರು 1998ರಲ್ಲಿ ಇತರರೊಡನೆ ಸ್ಥಾಪಿಸಿದ ಸಿಕಮೋರ್ ಕಂಪನಿಯ ಷೇರುಗಳು 1999ರ ಅಕ್ಟೋಬರಿನಲ್ಲಿ 38 ಡಾಲರಿಗೆ ಹೊರಟು, ಮೊದಲ ದಿನವೇ 180 ಡಾಲರನ್ನು ಮೀರಿದುವು. ಎರಡು ವರ್ಷ ಕಳೆಯುವುದರೊಳಗೆ ಆ ಬೆಲೆಯ ಬಹುಭಾಗವು ಕರಗಿತು. ಕಂಪನಿಯ ವಿದ್ಯೆಯು ಒಂದೇ ದಿನದಲ್ಲಿ ಹೆಚ್ಚಿದುದೂ ಇಲ್ಲ, ಎರಡೇ ವರ್ಷದಲ್ಲಿ ಮರೆತುಹೋದುದೂ ಇಲ್ಲ.

5. ಒಂದೇ ಸಾಲ, ಎರಡು ಫಲ

ಮಂಡ್ಯ ತಾಲ್ಲೂಕಿನ ಹಲ್ಲೆಗೆರೆಯ ಮೂಲದ ಡಾಕ್ಟರ್ ವಿವೇಕ್ ಮೂರ್ತಿ ಅವರು ಅಮೆರಿಕ ಸರ್ಕಾರದ ಸರ್ಜನ್ ಜನರಲ್ ಪದವಿಯನ್ನು 2014ರಿಂದ 2017ರವರೆಗೂ, ಮತ್ತೆ 2021ರಿಂದ 2025ರವರೆಗೂ ವಹಿಸಿದ್ದರು. ಇವರು 1977ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ ಹುಟ್ಟಿದರು. ಕುಟುಂಬವು ಅಲ್ಲಿಂದ ಕೆನಡಾಕ್ಕೂ ಅನಂತರ ಅಮೆರಿಕದ ಮಯಾಮಿಗೂ ಹೋಯಿತು. 2015ರ ಪ್ರಮಾಣವಚನದ ಸಮಾರಂಭದಲ್ಲಿ ಇವರು ಹೇಳಿದುದರ ತಾತ್ಪರ್ಯವೇನೆಂದರೆ: ತಂದೆಯೂ ತಾನೂ ಊರಿನಲ್ಲಿ ಬೇಸಾಯಗಾರರಾಗಿಯೇ ಉಳಿಯಬೇಕಾಗಿದ್ದವರು, ಸಾಲವಾದರೂ ಸರಿಯೇ ಮಗನಿಗೆ ವಿದ್ಯೆಯಾಗಲೇಬೇಕೆಂದು ಅಜ್ಜನು ಹಟ ಹಿಡಿದುದರಿಂದ ಊರಿನ ಎಲ್ಲೆಯನ್ನು ದಾಟುವಂತಾಯಿತು.

ಈ ಸಾಲದ ಮಾತು ಗಮನಾರ್ಹವಾದುದು. ರೈತನ ಸಾಲವು ವಿದ್ಯೆಯಾಗಿ, ವಿದ್ಯೆಯು ತೆರೆದ ತೂಬನ್ನು ಕಂಡು, ಎರಡು ತಲೆಮಾರಿನಲ್ಲಿ ಇಂತಹ ಪದವಿಯಾಯಿತು. ಅಜ್ಜನ ದೃಢಸಂಕಲ್ಪವನ್ನು ಕಡಿಮೆಯೆಂದು ಯಾರೂ ಎಣಿಸಲಾರರು. ಆದರೆ ಅದೇ ಜಿಲ್ಲೆಯಲ್ಲಿ 2015ರಲ್ಲಿಯೇ ಸಾಲದ ಹೊರೆಯನ್ನು ತಾಳಲಾರದೆ ಹಲವು ರೈತರು ಪ್ರಾಣವನ್ನು ಕಳೆದುಕೊಂಡರು. ಸಕ್ಕರೆಯ ಬೆಲೆ ಇಳಿದಿತ್ತು. ಕಬ್ಬಿನ ಬಾಕಿ ಕೈಗೆ ಬರುವುದು ತಡವಾಗಿತ್ತು. ಇವರೂ ಸಾಲ ಮಾಡಿದುದು ನಾಳೆಯನ್ನು ನಂಬಿಯೇ. ನಾಲೆಯ ಕೊನೆಯ ಭಾಗದಲ್ಲಿರುವ ಮದ್ದೂರು, ಮಳವಳ್ಳಿಗಳ ಅನೇಕ ಗ್ರಾಮಗಳಲ್ಲಿ ನೀರು ಸಕಾಲಕ್ಕೆ ತಲಪುವುದೇ ದುರ್ಲಭ. ಮಂಡ್ಯದ ಹಳೆಯ ಸಕ್ಕರೆ ಕಾರ್ಖಾನೆಯೇ ಕೆಲವು ವರ್ಷ ನಿಂತು, 2022ರಲ್ಲಿ ಮತ್ತೆ ಕಬ್ಬನ್ನು ಅರೆಯಲಾರಂಭಿಸಿತು. ಗೆದ್ದವನ ಸಾಲವನ್ನು ದೂರದೃಷ್ಟಿಯೆಂದೂ ಸೋತವನ ಸಾಲವನ್ನು ಅವಿವೇಕವೆಂದೂ ಕರೆಯುವ ವಾಡಿಕೆಯು ಫಲವನ್ನು ನೋಡಿ ಗುಣವನ್ನು ಎಣಿಸುವ ತಪ್ಪು.

6. ಉಪಸಂಹಾರ

ಅದೃಷ್ಟವೆಂಬ ಪದದ ಅರ್ಥವು ‘ಕಾಣದುದು’ ಎಂದಷ್ಟೇ. ಮೇಲಣ ಸಂಗತಿಗಳಲ್ಲಿ ಅದೃಷ್ಟವೆನಿಸಿದುದರಲ್ಲಿ ಹೆಚ್ಚಿನ ಭಾಗವು ಕಣ್ಣಿಗೆ ಕಾಣುವಂತಹುದೇ: ನಾಲೆಯ ಮಟ್ಟ, ಕಾರ್ಖಾನೆಯ ಬಟವಾಡೆಯ ದಿನ, ಶಾಲೆಯ ದೂರ, ಪರದೇಶದ ಒಂದು ಶಾಸನದ ವರ್ಷ. ಇವುಗಳನ್ನು ಒಬ್ಬ ವ್ಯಕ್ತಿಯು ತಾನಾಗಿ ನಿರ್ಮಿಸಿಕೊಳ್ಳಲಾರನು. ಆದರೆ ಸಮಾಜವು ನಿರ್ಮಿಸಬಲ್ಲದು, ಹಾಳುಮಾಡಲೂ ಬಲ್ಲದು. ಪುರುಷಪ್ರಯತ್ನವು ಅವಶ್ಯವೆಂಬುದಕ್ಕೆ ದಲೇನದ ಗಾಡಿಯವರೂ ಹಲ್ಲೆಗೆರೆಯ ಅಜ್ಜನೂ ಸಾಕ್ಷಿ. ಅದೊಂದೇ ಸಾಲದೆಂಬುದಕ್ಕೆ ನಾಲೆಯ ಕೊನೆಯಲ್ಲಿ ನೀರಿಗಾಗಿ ಕಾದಿರುವ ಒಕ್ಕಲು ಸಾಕ್ಷಿ. ಮಂಡ್ಯದ ಸೀಮೆಯಿಂದ ಹೊರಟು ಕೀರ್ತಿ ಪಡೆದವರನ್ನು ಕೊಂಡಾಡುವುದು ಯುಕ್ತವೇ. ಅವರಿಗೆ ದೊರೆತ ತೂಬು ಉಳಿದವರಿಗೂ ತೆರೆದಿದೆಯೇ ಎಂದು ವಿಚಾರಿಸುವುದು ಅದಕ್ಕಿಂತಲೂ ಯುಕ್ತವಾದ ಕಾರ್ಯವು.