ಗರ್ಭಕೋಶ ತೆಗೆಸುವ ಮುನ್ನ

ನೊಣವಿನಕೆರೆ ಸುತ್ತಲಿನ ತೆಂಗಿನ ತೋಟಗಳಲ್ಲಿ ದುಡಿಯುವ ತಾಯಂದಿರು ಬಿಳಿಸೆರಗು, ಸೊಂಟನೋವು, ಅತಿಯಾದ ಮುಟ್ಟಿನ ಸ್ರಾವಗಳನ್ನು ಯಾರಿಗೂ ಹೇಳದೆ ಸಹಿಸುವುದುಂಟು. ನೋವು ಮಿತಿಮೀರಿದಾಗ ‘ಮಕ್ಕಳಾಗಿವೆ, ಗರ್ಭಕೋಶ ಇನ್ನೇಕೆ?’ ಎಂಬ ಮಾತು ಹುಟ್ಟುತ್ತದೆ. ಅದಕ್ಕೆ ಒಪ್ಪುವ ಮುನ್ನ ನಾವು ತಡೆದು ಯೋಚಿಸಬೇಕು.

2017ರಲ್ಲಿ ಕಲಬುರಗಿ ಜಿಲ್ಲೆಯ ಮಹಿಳೆಯರು, ಬಹುಪಾಲು ಲಂಬಾಣಿ ಮತ್ತು ದಲಿತ ಸಮುದಾಯದವರು, ಅನಗತ್ಯವಾಗಿ ತಮ್ಮ ಗರ್ಭಕೋಶ ತೆಗೆಯಲಾಗಿದೆ ಎಂದು ಬೀದಿಗಿಳಿದು ಪ್ರತಿಭಟಿಸಿದರು. ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೊಳಿಸುವಂತೆ 2023ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಎಲ್ಲ ರಾಜ್ಯಗಳಿಗೆ ಆದೇಶಿಸಿತು.

ಸೋಂಕಿನಿಂದಾದ ಬಿಳಿಸೆರಗು ಔಷಧದಿಂದ ಗುಣವಾಗುತ್ತದೆ. ಅತಿಸ್ರಾವಕ್ಕೂ ಮೊದಲು ಮಾತ್ರೆಗಳಿವೆ. ತೊಂದರೆ ಕೊಡದ ಸಣ್ಣ ಗಡ್ಡೆಗಳನ್ನು ಗಮನಿಸುತ್ತಿದ್ದರೆ ಸಾಕು. ಮುಟ್ಟು ನಿಲ್ಲುವ ವಯಸ್ಸಿಗೆ ಮುನ್ನವೇ ಅಂಡಾಶಯಗಳನ್ನೂ ತೆಗೆದರೆ ಮೂಳೆಗಳು ಸವೆಯುತ್ತವೆ, ಹೃದ್ರೋಗದ ಸಂಭವವೂ ಹೆಚ್ಚುತ್ತದೆ. ಕಾಯ ಕುಗ್ಗಿದರೆ ಕಾಯಕವೂ ಕುಗ್ಗುವುದು.

ಕ್ಯಾನ್ಸರ್ ಇದ್ದಾಗ, ಔಷಧಕ್ಕೂ ಸ್ರಾವ ನಿಲ್ಲದಿದ್ದಾಗ ಈ ಶಸ್ತ್ರಚಿಕಿತ್ಸೆಯೇ ಪ್ರಾಣರಕ್ಷಕವಾಗಬಹುದು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರಂತೂ ತಡಮಾಡದೆ ಪರೀಕ್ಷಿಸಿಕೊಳ್ಳಬೇಕು.

ಆದ್ದರಿಂದ ವೈದ್ಯರನ್ನು ಕೇಳೋಣ: ಕಾಯಿಲೆ ಯಾವುದು? ಪರೀಕ್ಷೆಯಲ್ಲಿ ಕಂಡದ್ದೇನು? ಔಷಧದಿಂದ ವಾಸಿಯಾಗದೆ? ಅಂಡಾಶಯಗಳನ್ನು ಉಳಿಸುವಿರಾ? ತುರ್ತಿಲ್ಲದಿದ್ದರೆ ಮತ್ತೊಬ್ಬ ಸ್ತ್ರೀರೋಗ ತಜ್ಞರ ಅಭಿಪ್ರಾಯ ಪಡೆದ ಬಳಿಕವೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋಣ.